ಹರಗೋಲಿನ ತಳದ ಹುಲಿ

ಊರಮ್ಮ ಚಿತ್ರ ಬರೆಯಲು ಶುರುಮಾಡಿದ್ದು ಒಂದು ಇಲಿಯ ದೆಸೆಯಿಂದ. ಅಲ್ಲಿಯವರೆಗೆ ಅವಳು ಬಾಗಿಲ ಮುಂದಿನ ರಂಗೋಲಿಯನ್ನು ಕೂಡ ನೆಟ್ಟಗೆ ಹಾಕಿದವಳಲ್ಲ. ನಾಲ್ಕು ಚುಕ್ಕಿ ಇಟ್ಟು ಎಳೆ ಎಳೆದರೆ ಅದು ಎಲ್ಲೆಲ್ಲಿಗೋ ಹೋಗಿ ಹೊಸ್ತಿಲು ಹತ್ತಿಬಿಡುತ್ತಿತ್ತು. ಅತ್ತೆ ಇರುವವರೆಗೆ ಆ ಕೆಲಸವನ್ನು ಅವಳ ಕೈಯಿಂದ ಕಿತ್ತುಕೊಂಡು ತಾನೇ ಮಾಡುತ್ತಿದ್ದಳು.

ಅವಳ ಗಂಡ ಜಡೆಪ್ಪ ಕಂಪ್ಲಿಯ ಹೊಳೆದಂಡೆಯಲ್ಲಿ ಹರಗೋಲು ಹಾಕುವವನು. ಆಗ ಅಲ್ಲಿ ಸೇತುವೆ ಇರಲಿಲ್ಲ. ಈಚೆ ದಡ ಮದರಾಸು ಸರ್ಕಾರದ್ದು, ಆಚೆ ದಡ ನಿಜಾಮರದ್ದು. ಸಂತೆಗೆ, ಮದುವೆಗೆ, ಜಗಳಕ್ಕೆ ಹೋಗುವವರೆಲ್ಲ ಬಿದಿರು ಹೆಣೆದು ಚರ್ಮ ಹೊದಿಸಿದ ಆ ದುಂಡನೆಯ ಬುಟ್ಟಿಯಲ್ಲಿ ಕುಕ್ಕರಗಾಲಲ್ಲಿ ಕೂತೇ ಹೊಳೆ ದಾಟಬೇಕು. ಹುಟ್ಟು ಹಾಕುವುದು ಜಡೆಪ್ಪನ ಪಾಲಿನ ಕೆಲಸ, ತೂತು ಮುಚ್ಚುವುದು ಊರಮ್ಮನ ಪಾಲಿನದು. ಚರ್ಮ ಎಲ್ಲಿ ಸವೆದಿದೆ ಎಂದು ಬೆರಳಾಡಿಸಿ ನೋಡಿ, ತೇಪೆ ಹಾಕಿ, ಮೇಲೆ ಡಾಂಬರು ಬಳಿಯುವುದರಲ್ಲಿ ಆ ಓಣಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಸಾವಿರದ ಒಂಬೈನೂರ ಇಪ್ಪತ್ತಾರರ ಬೇಸಿಗೆಯಲ್ಲಿ ಒಂದು ಇಲಿ ಹರಗೋಲಿನ ತಳವನ್ನು ನಟ್ಟನಡುವೆ ಕಡಿದಿಟ್ಟಿತು. ಊರಮ್ಮ ತೇಪೆ ಹಾಕಿ ಡಾಂಬರು ಬಳಿದು ಒಣಗಲು ಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಬಂದು ನೋಡಿದರೆ ತೇಪೆ ಒಂದು ತಲೆಯಂತೆ ಕಂಡಿತು. ಕಿವಿಯೊಂದು ಕಡಿಮೆಯಿತ್ತು. ಕಿವಿ ಇಟ್ಟಳು. ಒಂದೇ ಕಿವಿಯ ತಲೆ ಚೆನ್ನಾಗಿರಲಿಲ್ಲವೆಂದು ಇನ್ನೊಂದು ಇಟ್ಟಳು. ತಲೆ ಇದ್ದ ಮೇಲೆ ಮೈ ಬೇಡವೇ? ಒಲೆಯ ಮೇಲಿನ ಸಾರು ಸೀದು ಓಣಿಗೆಲ್ಲ ವಾಸನೆ ಹರಡುವ ಹೊತ್ತಿಗೆ ಹರಗೋಲಿನ ತಳದ ತುಂಬ ಒಂದು ಹುಲಿ ಬಂದು ಮಲಗಿತ್ತು.

ಊರಮ್ಮ ಜೀವಂತ ಹುಲಿಯನ್ನು ನೋಡಿದವಳಲ್ಲ. ಹಂಪಿಯ ಒಂದು ಮಠದಲ್ಲಿ ಸ್ವಾಮಿಗಳು ಕೂರುವ ಹುಲಿಯ ಚರ್ಮವನ್ನು ಮಾತ್ರ ನೋಡಿದ್ದಳು. ಹಾಗಾಗಿ ಅವಳ ಹುಲಿಯೂ ಚಪ್ಪಟೆಯಾಗಿ, ಕಾಲುಗಳನ್ನು ದಿಕ್ಕುದಿಕ್ಕಿಗೆ ಚಾಚಿಕೊಂಡಿತ್ತು. ನಾಲ್ಕು ಕಾಲು ಬರೆದ ಮೇಲೂ ದುಂಡನೆಯ ತಳದಲ್ಲಿ ಒಂದು ಕಡೆ ಖಾಲಿ ಉಳಿಯಿತು. ಅಲ್ಲಿಗೊಂದು ಐದನೆಯ ಕಾಲು ಬಂತು. ಪಟ್ಟೆಗಳಿಗೆ ಸಂಡೂರಿನ ಗಾಡಿಯವರು ತಂದುಕೊಟ್ಟಿದ್ದ ಕೆಮ್ಮಣ್ಣನ್ನು ಕುಸುಬೆ ಎಣ್ಣೆಯಲ್ಲಿ ಕಲಸಿ ಹಚ್ಚಿದಳು. ಹಲ್ಲಿಗೆ ಸುಣ್ಣ. ಕಡೆಗೆ ಅದರ ಕಾಲುಗಳು ಬೋಳುಬೋಳಾಗಿ ಕಂಡವೆಂದು ಬಳೆ ತೊಡಿಸಿದಳು.

ಮರುದಿನ ಜಡೆಪ್ಪ ನಿದ್ದೆಗಣ್ಣಿನಲ್ಲೇ ಎಂದಿನಂತೆ ಹರಗೋಲನ್ನು ಬೋರಲಾಗಿ ತಲೆಯ ಮೇಲೆ ಹೊತ್ತುಕೊಂಡು ದಂಡೆಗೆ ಹೊರಟ. ಹಾಗೆ ಹೊತ್ತರೆ ಹೊತ್ತವನ ಮೊಣಕಾಲಿನ ಕೆಳಗಿನದಷ್ಟೇ ಹೊರಗೆ ಕಾಣುತ್ತದೆ. ಮನುಷ್ಯನ ಎರಡು ಕಾಲುಗಳ ಮೇಲೆ ಬಳೆ ತೊಟ್ಟ ಹುಲಿಯೊಂದು ಪೇಟೆಯಲ್ಲಿ ನಡೆದು ಹೋಗುವುದನ್ನು ಕಂಪ್ಲಿಯ ಜನ ನೋಡಿದರು. ನಗು ಕೇಳಿ ಜಡೆಪ್ಪ ಎರಡು ಸಲ ನಿಂತು ತನ್ನ ಧೋತರ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡ. ಇಡೀ ಊರಿನಲ್ಲಿ ಆ ಚಿತ್ರವನ್ನು ಕಾಣದೆ ಇದ್ದವನು ಅವನೊಬ್ಬನೇ.

ದಂಡೆಯಲ್ಲಿ ಇಳಿಸಿದಾಗ ಅವನಿಗೂ ಕಂಡಿತು. ತಕ್ಷಣ ತಿರುವಿ ನೀರಿಗೆ ಹಾಕಿದ. ಸಂಜೆ ಮನೆಗೆ ಬಂದವನು, ನೀರಿಗಿಳಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ ಎಂಬುದೇ ಒಂದು ಸಮಾಧಾನ ಅಂದ.

“ಮೀನಿಗೆ ಕಾಣತೈತಿ,” ಅಂದಳು ಊರಮ್ಮ.

ಬೇರೆ ಹರಗೋಲಿನವರು ಒಂದು ತಿಂಗಳು ಜಡೆಪ್ಪನನ್ನು ಹಾಸ್ಯ ಮಾಡಿದರು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಹರಗೋಲನ್ನು ಹೊತ್ತು ತಂದು, ಇಲಿ ಕಡಿದಿದೆ, ಸ್ವಲ್ಪ ನೋಡು ಅನ್ನತೊಡಗಿದರು. ಊರಮ್ಮ ಬೆರಳಾಡಿಸಿ ನೋಡಿದರೆ ತೂತೇ ಇರುತ್ತಿರಲಿಲ್ಲ. ತೂತಿಲ್ಲವೆಂದು ಅವಳೂ ಹೇಳುತ್ತಿರಲಿಲ್ಲ. ಎರಡು ವರ್ಷದಲ್ಲಿ ಹೊಳೆ ದಾಟುವ ಆ ಘಟ್ಟದ ಹನ್ನೊಂದು ಹರಗೋಲುಗಳ ತಳವೂ ತುಂಬಿತು. ಒಂದರಲ್ಲಿ ಆನೆ, ಅದರ ಪಾದಕ್ಕೆ ಲೆಕ್ಕವಿಲ್ಲದಷ್ಟು ಉಗುರು. ಒಂದರಲ್ಲಿ ಹೊಸಪೇಟೆಯಲ್ಲಿ ಅವಳು ನೋಡಿದ್ದ ರೈಲು. ಡಬ್ಬಿಗಳಿಗಿಂತ ಒಳಗೆ ಕೂತವರ ತಲೆಗಳೇ ದೊಡ್ಡವು. ಇನ್ನೊಂದರಲ್ಲಿ ಮೆಟ್ರಿಯಿಂದ ಬಂದ ಮದುವೆ ದಿಬ್ಬಣ; ಎಲ್ಲರೂ ಮುಂದೆ ನೋಡುತ್ತಿದ್ದರೆ ಮದುಮಗ ಮಾತ್ರ ಹಿಂದಕ್ಕೆ ತಿರುಗಿ ಬಂದ ದಾರಿಯನ್ನೇ ನೋಡುತ್ತಿದ್ದ.

ಮತ್ತೊಂದರಲ್ಲಿ ಬೆಲ್ಲದ ವ್ಯಾಪಾರಿ ಉಜ್ಜಿನಪ್ಪ ಇದ್ದ. ಗಾಳಿ ಮಳೆ ಯಾವುದೂ ಇಲ್ಲದ ದಿನವೂ ಛತ್ರಿ ಬಿಡಿಸಿ, ಚರ್ಮದ ವಾಸನೆಗೆ ಮೂಗು ಹಿಡಿದುಕೊಂಡು ಹೊಳೆ ದಾಟುವ ದೊಡ್ಡ ಮನುಷ್ಯ. ಮುಖದ ಜಾಗದಲ್ಲಿ ಊರಮ್ಮ ಬರೀ ಮೂಗು, ಅದನ್ನು ಹಿಡಿದ ಎರಡು ಬೆರಳು ಬರೆದಿದ್ದಳು. ಊರಿಗೆಲ್ಲ ಗುರುತು ಸಿಕ್ಕಿತು. ಉಜ್ಜಿನಪ್ಪನಿಗೆ ಮಾತ್ರ ಸಿಗಲಿಲ್ಲ. ಯಾವ ಮೂರ್ಖ ಇದು ಎಂದು ಅವನು ಮನಸಾರೆ ನಕ್ಕು, ದಾಟುವಾಗಲೆಲ್ಲ ಅದೇ ಹರಗೋಲು ಬೇಕು ಅನ್ನುತ್ತಿದ್ದ.

ಈ ಚಿತ್ರಗಳಲ್ಲಿ ಏನಿತ್ತೋ, ಹೇಳುವುದು ಕಷ್ಟ. ಗುಡಿಯ ಗೋಡೆಯ ಚಿತ್ರಕ್ಕೆ ಜನ ಕೈಮುಗಿದು ಮುಂದೆ ಹೋಗುತ್ತಿದ್ದರು. ಇವುಗಳ ಮುಂದೆ ನಕ್ಕು ಮುಂದೆ ಹೋದವರು ಹತ್ತು ಹೆಜ್ಜೆ ಇಟ್ಟು ತಿರುಗಿ ಬರುತ್ತಿದ್ದರು. ಬಟ್ಟೆ ಒಗೆಯಲು ಬಂದ ಕೊಟ್ರಬಸಮ್ಮ ಎಂಬವಳು ಒಂದು ದಿನ ಬೋರಲಾಗಿ ಒಣಗುತ್ತಿದ್ದ ಹುಲಿಯ ಮುಂದೆ ಕೂತವಳು, ಒಗೆದ ಬಟ್ಟೆ ಒಣಗಿದರೂ ಏಳಲಿಲ್ಲ. ಇದು ನಗುತ್ತಿದೆಯೋ ಅಳುತ್ತಿದೆಯೋ ಎಂದು ಊರಮ್ಮನನ್ನೇ ಕೇಳಿದಳು. ಊರಮ್ಮ ಹತ್ತಿರ ಬಂದು ತಾನೂ ನೋಡಿದಳು. ಅವಳಿಗೂ ಗೊತ್ತಾಗಲಿಲ್ಲ.

ಇಪ್ಪತ್ತೆಂಟರಲ್ಲಿ ಆಚೆ ದಡದ ಸುಂಕದ ಕಟ್ಟೆಗೆ ದಸ್ತಗೀರ್ ಸಾಹೇಬ ಎಂಬ ಹೊಸ ಅಧಿಕಾರಿ ಬಂದ. ತೆಳ್ಳನೆಯ ಮನುಷ್ಯ, ಕನ್ನಡಕ, ಯಾವಾಗಲೂ ಕೈಯಿಂದ ಒತ್ತಿ ಹಿಡಿದಿರುತ್ತಿದ್ದ ಟೋಪಿ. ಲಂಚ ಮುಟ್ಟುತ್ತಿರಲಿಲ್ಲ. ಸುಂಕ ಕೊಡದೆ ಹೊಳೆ ದಾಟುವ ಬೆಲ್ಲವನ್ನು ತಡೆದೇ ತೀರುತ್ತೇನೆಂದು ಪಣ ತೊಟ್ಟಿದ್ದ. ಬಂದ ವಾರದಲ್ಲೇ ತನ್ನ ಸ್ವಂತ ದುರ್ಬೀನಿನಲ್ಲಿ ಕಂಪ್ಲಿಯ ದಂಡೆಯನ್ನು ನೋಡಿದವನು ಗಾಜು ಒರೆಸಿ ಮತ್ತೊಮ್ಮೆ ನೋಡಿದ. ಅಲ್ಲಿ ಬೋರಲಾಗಿ ಮಲಗಿಸಿದ ಹರಗೋಲುಗಳ ಮೇಲೆ ಈ ದಿನ ಹುಲಿ, ನಾಳೆ ಆನೆ, ನಾಡಿದ್ದು ರೈಲು. ಇದು ಕಳ್ಳಸಾಗಣೆಯವರು ಒಬ್ಬರಿಗೊಬ್ಬರು ಕೊಡುವ ಸಂಕೇತವಲ್ಲದೆ ಮತ್ತೇನು? ನಲವತ್ತು ದಿನ ಅವನು ಪುಸ್ತಕದಲ್ಲಿ ಬರೆದುಕೊಂಡ: ಸೋಮವಾರ ಹುಲಿ, ಪಕ್ಕಕ್ಕೆ ಮೂಗು; ಮಂಗಳವಾರ ಆನೆ ಮಾತ್ರ. ನಿಜ ಹೇಳಬೇಕೆಂದರೆ ಆ ಸಾಲು ನಿರ್ಧಾರವಾಗುತ್ತಿದ್ದದ್ದು ಯಾರು ಯಾವಾಗ ಊಟಕ್ಕೆ ಹೋದರು ಎಂಬುದರ ಮೇಲೆ.

ಸಂಕೇತ ಬಿಡಿಸಲು ಒಬ್ಬನ ಕಣ್ಣು ಸಾಲದೆಂದು ಅವನು ಮೇಲಿನ ಕಾಲುದಾರಿಯಲ್ಲಿ ಕಾವಲಿದ್ದ ಮೂವರು ಸಿಪಾಯಿಗಳನ್ನೂ ಘಟ್ಟಕ್ಕೆ ಕರೆಸಿಕೊಂಡ. ಕಾಲುದಾರಿ ಖಾಲಿಯಾಯಿತು. ನಾಲ್ಕು ಜನ ಹುಲಿಯನ್ನು ನೋಡುತ್ತ ಕೂತಿದ್ದಾಗ ಎರಡು ಮೈಲಿ ಮೇಲೆ ಉಜ್ಜಿನಪ್ಪನ ಬೆಲ್ಲ ನಡುಮಧ್ಯಾಹ್ನ, ಹಾಡು ಹೇಳುತ್ತ, ಮೊಣಕಾಲುದ್ದ ನೀರಿನಲ್ಲಿ ದಾಟಿ ಹೋಗುತ್ತಿತ್ತು. ಉಜ್ಜಿನಪ್ಪ ಊರಮ್ಮನ ಮನೆಗೆ ಒಂದು ಬುಟ್ಟಿ ಬೆಲ್ಲ ಕಳಿಸಿ, ಚಿತ್ರಗಳು ಬಹಳ ಚೆನ್ನಾಗಿವೆ, ನಿಲ್ಲಿಸಬೇಡ, ಇನ್ನೂ ದೊಡ್ಡದಾಗಿ ಬರೆ ಎಂದು ಹೇಳಿ ಕಳಿಸಿದ. ಕಂಪ್ಲಿಯಲ್ಲಿ ಚಿತ್ರದ ಬೆಲೆ ತಿಳಿದವನು ಒಬ್ಬನಾದರೂ ಇದ್ದಾನಲ್ಲ ಎಂದು ಊರಮ್ಮ ಹಿಗ್ಗಿದಳು. ಅವನ ಮೂಗನ್ನು ಅಷ್ಟು ದಪ್ಪ ಬರೆಯಬಾರದಿತ್ತೇನೋ ಎಂದೂ ಅನ್ನಿಸಿತು.

ನಲವತ್ತೊಂದನೆಯ ದಿನ ದಸ್ತಗೀರ್ ಸಾಹೇಬ ಹುಲಿಯ ಹರಗೋಲನ್ನು ಜಪ್ತಿ ಮಾಡಿದ. ಜಡೆಪ್ಪ ಬೇರೆಯವರ ಹರಗೋಲಿನಲ್ಲಿ ಕೂತು, ಕೈಯಲ್ಲಿ ಹುಟ್ಟೊಂದನ್ನು ಹಿಡಿದುಕೊಂಡು ವಾಪಸು ಬಂದ. ಹುಲಿ ಬರೆದವಳನ್ನೇ ಕೇಳುತ್ತಾರಂತೆ ಅಂದ. ಊರಮ್ಮ ಡಾಂಬರಿನ ಕೈ ತೊಳೆಯದೆ, ಸೆರಗು ಬಿಗಿದುಕೊಂಡು ಹೊಳೆ ದಾಟಿದಳು.

ಸುಂಕದ ಕಟ್ಟೆಯ ಮುಂದಿನ ಬೇವಿನ ಮರಕ್ಕೆ ಹುಲಿಯನ್ನು ಒರಗಿಸಿ ನಿಲ್ಲಿಸಿದ್ದರು. ದಸ್ತಗೀರ್ ಸಾಹೇಬ ಪುಸ್ತಕ ತೆಗೆದ. ಮೊದಲನೆಯ ಪ್ರಶ್ನೆ, ಐದನೆಯ ಕಾಲು ಏಕೆ?

“ಜಾಗ ಉಳಿದಿತ್ರಿ,” ಅಂದಳು ಊರಮ್ಮ.

ಅವನು ಅದನ್ನು ಬರೆದುಕೊಂಡು ಎರಡು ಸಲ ಅಡಿಗೆರೆ ಎಳೆದ. ಯಾವ ಜಾಗ, ಎಲ್ಲಿ ಉಳಿದಿದೆ, ಯಾರ ಗೋದಾಮಿನಲ್ಲಿ ಎಂದು ಕೇಳಿದ. ಊರಮ್ಮ ಅವನ ಮುಖ ನೋಡಿದಳು. ತಾನು ಬಾಯಿ ಬಿಟ್ಟು ಹೇಳಿದ್ದನ್ನು ಇದುವರೆಗೆ ಯಾರೂ ಬರೆದುಕೊಂಡಿರಲಿಲ್ಲ. ಜಡೆಪ್ಪನಂತೂ ಕೇಳಿಸಿಕೊಂಡದ್ದೂ ಕಡಿಮೆ. ಅವಳಿಗೆ ಹೆದರಿಕೆ ಹೋಗಿ ಉಮೇದು ಬಂತು.

ಹುಲಿಗೆ ಬಳೆ ಏಕೆ ಎಂದಾಗ, ಅದಕ್ಕೆ ಮದುವೆಯಾಗಿದೆ ಅಂದಳು. ಗಂಡ ಯಾರು ಎಂದು ಅವನು ಕೇಳಿದ.

“ಗಂಡ ಬ್ಯಾರೆ ಹರಗೋಲಿನ್ಯಾಗ ಅದಾನ್ರಿ.”

ಸಿಪಾಯಿಯೊಬ್ಬ ಓಡಿದ. ಎರಡನೆಯ ಹರಗೋಲು ಬಂತು, ಅದರಲ್ಲಿ ಆನೆ. ಆನೆ ಹುಲಿಗೆ ಹೇಗೆ ಗಂಡ ಎಂದು ಕೇಳಿದರೆ, ಅದು ಗಂಡನಲ್ಲ, ಸೋದರಮಾವ, ಗಂಡ ರೈಲಿನಲ್ಲಿ ಊರಿಗೆ ಹೋಗಿದ್ದಾನೆ ಅಂದಳು. ರೈಲು ತರಿಸಿದರು. ರೈಲಿನೊಳಗಿನ ತಲೆಗಳಲ್ಲಿ ಮೂರನೆಯದನ್ನು ತೋರಿಸಿ, ಇವನಿಗೆ ಎಲ್ಲಾ ಗೊತ್ತು, ಆದರೆ ಇವನು ದಿಬ್ಬಣದ ಜೊತೆ ಇದ್ದಾನೆ ಅಂದಳು. ಹೀಗೆ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಹನ್ನೊಂದು ಹರಗೋಲುಗಳೂ ಬೇವಿನ ಮರದ ಸುತ್ತ ಸಾಲಾಗಿ ನಿಂತವು. ದಾಟಿಸಲು ಒಂದೂ ಉಳಿಯದೆ ಎರಡೂ ದಡದಲ್ಲಿ ಜನ ಗುಂಪುಗೂಡಿದರು. ದಸ್ತಗೀರ್ ಸಾಹೇಬನ ಪುಸ್ತಕ ಮುಗಿದು, ಅವನು ರಟ್ಟಿನ ಒಳಬದಿಯಲ್ಲಿ ಬರೆಯತೊಡಗಿದ್ದ.

ಸಿಕ್ಕಿಬಿದ್ದ ಪ್ರಯಾಣಿಕರಲ್ಲಿ ಹೊಸಪೇಟೆಯ ಡ್ರಾಯಿಂಗ್ ಮಾಸ್ತರ ಪ್ರಭಂಜನಾಚಾರ್ಯರೂ ಇದ್ದರು. ಆನೆಗೊಂದಿಯಲ್ಲಿ ಮಗಳ ಮನೆಗೆ ಹೋಗಿ ಕಂಪ್ಲಿ ದಾರಿಯಾಗಿ ವಾಪಸು ಹೊರಟವರು. ತಾವು ಮದರಾಸಿನ ಡ್ರಾಯಿಂಗ್ ಪರೀಕ್ಷೆ ಪಾಸಾದವರೆಂದೂ, ಈ ವಿಷಯದಲ್ಲಿ ಒಂದು ಮಾತು ಹೇಳಬಲ್ಲೆವೆಂದೂ ಅವರೇ ಮುಂದೆ ಬಂದರು. ಸಾಹೇಬ ಅವರಿಗೆ ಕುರ್ಚಿ ಹಾಕಿಸಿದ. ಮಾಸ್ತರು ಪೆನ್ಸಿಲನ್ನು ಕೈಯಳತೆಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಹನ್ನೊಂದನ್ನೂ ಅಳೆದರು. ಪ್ರಾಣಿಗಳಿಗೆ ಮೂಳೆಯಿಲ್ಲ, ದೂರದ್ದು ದೊಡ್ಡದಾಗಿದೆ, ಹತ್ತಿರದ್ದು ಚಿಕ್ಕದಾಗಿದೆ, ನೆರಳು ಎಲ್ಲಿಯೂ ಇಲ್ಲ. ಆದ್ದರಿಂದ ಶಾಸ್ತ್ರದ ಪ್ರಕಾರ ಇವು ಚಿತ್ರಗಳೇ ಅಲ್ಲ ಎಂದು ತೀರ್ಪು ಕೊಟ್ಟರು.

ಊರಮ್ಮನ ಪರವಾಗಿ ಹೇಳುತ್ತಿದ್ದೇವೆ ಎಂದೇ ಅವರು ಅಂದುಕೊಂಡಿದ್ದರು, ಪಾಪ. ಸಾಹೇಬನ ಮುಖ ಅರಳಿತು. ಚಿತ್ರವಲ್ಲವೆಂದ ಮೇಲೆ ಸಂಕೇತವೆಂದೇ ಆಯಿತಲ್ಲ!

ಊರಮ್ಮನಿಗೆ ಆಗ ನಿಜವಾದ ಸಿಟ್ಟು ಬಂತು. ಕಳ್ಳಿ ಅಂದಿದ್ದರೆ ಅವಳು ನಗುತ್ತಿದ್ದಳು. ಚಿತ್ರವೇ ಅಲ್ಲ ಅಂದದ್ದನ್ನು ತಡೆದುಕೊಳ್ಳಲಾಗಲಿಲ್ಲ. ಕಟ್ಟೆಯ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಸಿಪಾಯಿಗಳ ಒಲೆಯಿಂದ ಒಂದು ಇದ್ದಿಲನ್ನು, ನೆಲದಿಂದ ಒಂದು ಇಟ್ಟಿಗೆ ಚೂರನ್ನು ಎತ್ತಿಕೊಂಡು, ಯಾರನ್ನೂ ಕೇಳದೆ ಆ ಗೋಡೆಯ ಮೇಲೆ ಎಳೆಯಲು ಶುರುಮಾಡಿದಳು. ಮೊದಲು ಅಂಡಾಕಾರ ಹಾಕಿ ನಾಲ್ಕು ಭಾಗ ಮಾಡಿಕೊಳ್ಳಬೇಕು ಎಂದು ಮಾಸ್ತರು ಹಿಂದಿನಿಂದ ಹೇಳುತ್ತಿದ್ದರು. ಅವಳು ಟೋಪಿಯಿಂದ ಶುರುಮಾಡಿದ್ದಳು. ಟೋಪಿಯನ್ನು ಒತ್ತಿ ಹಿಡಿದ ಒಂದು ಕೈ. ಕೈಯ ಕೆಳಗೆ ಕನ್ನಡಕ. ಎರಡು ಕಣ್ಣೂ ಒಂದೇ ಗಾಜಿನೊಳಗೆ. ಅಲ್ಲಿಂದ ಕೆಳಕ್ಕೆ ಕುತ್ತಿಗೆ, ಕುತ್ತಿಗೆ, ಇನ್ನೂ ಕುತ್ತಿಗೆ. ಗೋಡೆಯ ಅರ್ಧಕ್ಕೆ ಬಂದ ಮೇಲೆ ಒಂದು ಅಂಗಿಯ ಗುಂಡಿ.

ಸಿಪಾಯಿಗಳು ಮೊದಲು ಕಿಸಕ್ಕೆಂದರು. ಆಮೇಲೆ ಗೋಡೆಯನ್ನೊಮ್ಮೆ ಸಾಹೇಬನನ್ನೊಮ್ಮೆ ನೋಡತೊಡಗಿದರು. ದಸ್ತಗೀರ್ ಸಾಹೇಬ ಗೋಡೆಯ ಮುಂದೆ ನಿಂತು ಬಹಳ ಹೊತ್ತು ನೋಡಿದ. ತನ್ನ ಕೈ ಟೋಪಿಯ ಮೇಲಿರುವುದು ಅವನಿಗೆ ಆಗ ಅರಿವಾಗಿ ಕೆಳಗಿಳಿಸಿದ.

“ನಮ್ಮ ಕುತ್ತಿಗಿ ಇಷ್ಟು ಉದ್ದ ಇಲ್ಲ,” ಅಂದ.

“ದುರ್ಬೀನು ಹಿಡದಾಗ ಆಕೈತ್ರಿ. ನಾ ದಿನಾ ಆಚಿ ದಂಡಿಮ್ಯಾಗಿಂದ ನೋಡತಿದ್ದೆ.”

ನಲವತ್ತು ದಿನ ತಾನು ಅವರನ್ನು ನೋಡುತ್ತಿದ್ದೆ ಎಂದುಕೊಂಡಿದ್ದ ಸಾಹೇಬ ತನ್ನ ಕುತ್ತಿಗೆಯನ್ನು ಮುಟ್ಟಿಕೊಂಡ. ಇದು ನಾನೇನು, ನೀವೇ ಹೇಳಿ ಎಂದು ಮಾಸ್ತರನ್ನು ಕೇಳಿದ. ಮಾಸ್ತರು ಮತ್ತೆ ಪೆನ್ಸಿಲು ಹಿಡಿದರು. ಹಣೆಯೇ ಇಲ್ಲ, ಗದ್ದ ಕುತ್ತಿಗೆಯೊಳಗೆ ಸೇರಿದೆ, ಕಿವಿ ಇರಬೇಕಾದಲ್ಲಿ ಇಲ್ಲ.

“ಅಳತಿ ಪ್ರಕಾರ ಇದು ನೀವಲ್ಲರಿ,” ಅಂದವರು, ಪೆನ್ಸಿಲು ಇಳಿಸಿ ಇನ್ನೊಮ್ಮೆ ಬರಿಗಣ್ಣಿನಿಂದ ನೋಡಿದರು. “ಆದರ, ನೀವೇ.”

ಸಾಹೇಬ ನಗಲಿಲ್ಲ. ಪುಸ್ತಕವನ್ನು ಮುಚ್ಚಿ ಸಿಪಾಯಿಯ ಕೈಗೆ ಕೊಟ್ಟ. ಹರಗೋಲುಗಳನ್ನು ಬಿಟ್ಟುಬಿಡಿ, ಜನ ಕಾಯುತ್ತಿದ್ದಾರೆ ಅಂದ. ಹತ್ತು ಹರಗೋಲು ನೀರಿಗಿಳಿದವು. ಹುಲಿಯದನ್ನು ಮಾತ್ರ ಕೊಡಲು ಅವನಿಗೆ ಮನಸ್ಸು ಬರಲಿಲ್ಲ. ಇಷ್ಟು ದಿನ ಬೆಳಿಗ್ಗೆ ಎದ್ದ ಕೂಡಲೇ ಅದನ್ನು ನೋಡಿ ರೂಢಿಯಾಗಿದೆ ಎಂದು ಜಡೆಪ್ಪನಿಗೆ ಸ್ವಲ್ಪ ನಾಚಿಕೆಯಿಂದಲೇ ಹೇಳಿದ. ಹೊಸ ಹರಗೋಲಿಗೆ ಬೇಕಾದ ಚರ್ಮ, ಬಿದಿರು ತರಿಸಿಕೊಟ್ಟು ಹುಲಿಯನ್ನು ಬೇವಿನ ಮರದಡಿಯಲ್ಲೇ ಉಳಿಸಿಕೊಂಡ. ಗೋಡೆಗೆ ಅವನಿರುವವರೆಗೆ ಸುಣ್ಣ ಬಳಿಸಲಿಲ್ಲ. ಅವನ ಮೇಲಧಿಕಾರಿ ತಪಾಸಣೆಗೆ ಬಂದವನು ಗೋಡೆ ನೋಡಿ, ಇದನ್ನು ಬರೆದವರಾರು ಎಂದು ಕೇಳಿದನಂತೆ. ಇದು ಯಾರು ಎಂದು ಕೇಳಲಿಲ್ಲವಂತೆ.

ಸಿಪಾಯಿಗಳು ಕಾಲುದಾರಿಗೆ ವಾಪಸು ಹೋದರು. ಎಂಟು ದಿನದಲ್ಲಿ ಉಜ್ಜಿನಪ್ಪ ಊರಮ್ಮನ ಮನೆಬಾಗಿಲಿಗೆ ಬಂದು, ಈಚೆಗೆ ನಿನ್ನ ಚಿತ್ರದಲ್ಲಿ ಮೊದಲಿನ ಗಮ್ಮತ್ತಿಲ್ಲ, ಆಚೆಯವರು ಕಣ್ಣೆತ್ತಿಯೂ ನೋಡುತ್ತಿಲ್ಲ ಎಂದು ಬೇಸರಪಟ್ಟುಕೊಂಡ. ಬೆಲ್ಲದ ಬುಟ್ಟಿಯ ಅರ್ಥ ಊರಮ್ಮನಿಗೆ ಆಗ ಹೊಳೆಯಿತು. ಮುಂದಿನ ಸಲ ಅವನ ಚಿತ್ರವಿದ್ದ ಹರಗೋಲಿಗೆ ಡಾಂಬರು ಬಳಿಯುವಾಗ ಮೂಗನ್ನು ಇನ್ನೊಂದು ಗೇಣು ಬೆಳೆಸಿದಳು.

ಪ್ರಭಂಜನಾಚಾರ್ಯರಿಗೆ ಮಾತ್ರ ಮನೆಗೆ ಹೋದರೂ ನೆಮ್ಮದಿ ಇರಲಿಲ್ಲ. ಇಪ್ಪತ್ತು ವರ್ಷದಿಂದ ಹುಡುಗರಿಗೆ ಹೂಜಿ, ಮಾವಿನಹಣ್ಣು, ಮುಚ್ಚಿದ ಪುಸ್ತಕ ಬರೆಸಿದವರು ಅವರು. ರಜೆಯ ದಿನಗಳಲ್ಲಿ ಗಾಡಿ ಹಿಡಿದು ಕಂಪ್ಲಿಗೆ ಬರತೊಡಗಿದರು. ದಂಡೆಯಲ್ಲಿ ಛತ್ರಿ ನೆಟ್ಟುಕೊಂಡು ಕೂತು ಹರಗೋಲಿನ ತಳಗಳನ್ನು ನಕಲು ಮಾಡುತ್ತಿದ್ದರು. ಅವಳ ಆನೆಯನ್ನು ಅವರು ಉಗುರು ಸಮೇತ ಬರೆದರೆ, ಉಗುರು ಹೆಚ್ಚಾದದ್ದು ತಪ್ಪಿನ ಹಾಗೆ ಕಾಣುತ್ತಿತ್ತು. ಅವಳದರಲ್ಲಿ ಆನೆ ಎಂದರೆ ಹಾಗೇ ಇರಬೇಕು ಅನ್ನಿಸುತ್ತಿತ್ತು. ಒಂದು ದಿನ ನಾಚಿಕೆ ಬಿಟ್ಟು, ಎಲ್ಲಿಂದ ಶುರುಮಾಡುತ್ತೀ, ಸ್ವಲ್ಪ ಹೇಳಿಕೊಡು ಎಂದು ಕೇಳಿಯೇಬಿಟ್ಟರು. ಎಲ್ಲಿ ಸೋರುತ್ತದೋ ಅಲ್ಲಿಂದ ಎಂದು ಊರಮ್ಮ ಇದ್ದದ್ದನ್ನೇ ಹೇಳಿ, ಡಾಂಬರಿನ ಡಬ್ಬಿಯನ್ನೂ ತೂತಾದ ಒಂದು ಹರಗೋಲನ್ನೂ ಅವರ ಮುಂದಿಟ್ಟಳು. ಮಡಿಯ ಮನುಷ್ಯ, ಚರ್ಮ ಮುಟ್ಟಬೇಕಲ್ಲ ಎಂದು ಕೈ ಹಿಂದೆಗೆದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮುಟ್ಟಿದರು. ಆಮೇಲೆ ಹೊಳೆಯಲ್ಲಿ ಮೂರು ಮುಳುಗು ಹಾಕಿ ಊರಿಗೆ ಹೋದರು. ಅವರು ಹಾಕಿದ ತೇಪೆ ನಡುಹೊಳೆಯಲ್ಲಿ ಬಿಟ್ಟುಕೊಂಡು ಒಬ್ಬ ಗೌಡರ ಪಂಚೆ ನೆನೆಯಿತು. ಸೋರದಂತೆ ತೇಪೆ ಹಾಕಲು ಅವರಿಗೆ ಎರಡು ಬೇಸಿಗೆ ಹಿಡಿಯಿತು.

ಗುರುದಕ್ಷಿಣೆಯೆಂದೋ ಏನೋ, ಮಾಸ್ತರು ಊರಮ್ಮನ ಚಿತ್ರ ಬರೆಯುತ್ತೇನೆಂದು ಹೊರಟರು. ಅವಳನ್ನು ಎರಡು ದಿನ ಅಲುಗಾಡದಂತೆ ಕೂರಿಸಿ, ಮದರಾಸಿನಿಂದ ತರಿಸಿದ ಕಾಗದದ ಮೇಲೆ, ನೆರಳು ಬೆಳಕು ಎಲ್ಲ ಇಟ್ಟು, ಹಣೆಯ ಗೆರೆಗಳನ್ನು ಕೂಡ ಬಿಡದೆ ಬರೆದರು. ಮೂರನೆಯ ದಿನ ತೋರಿಸಿದರು. ಊರಮ್ಮ ಅದನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

“ಭಾಳ ಚಲೋ ಬಂದೈತ್ರಿ ಮಾಸ್ತರ,” ಅಂದಳು. “ಯಾರ್ರಿ ಈಕಿ?”

ಚುಡಾಯಿಸಲು ಹಾಗೆ ಅಂದಳೋ, ನಿಜವಾಗಿಯೇ ಕೇಳಿದಳೋ, ಪಕ್ಕದಲ್ಲಿದ್ದ ಜಡೆಪ್ಪನಿಗೂ ತಿಳಿಯಲಿಲ್ಲ. ಮಾಸ್ತರು ಚಿತ್ರವನ್ನು ಸುರುಳಿ ಸುತ್ತಿ ಬಗಲಿಗಿಟ್ಟುಕೊಂಡರು. ಮುಂದಿನ ರಜೆಗೆ ಮತ್ತೆ ಬಂದರು.

ವಯಸ್ಸು ಅರವತ್ತರ ಹತ್ತಿರ ಬಂದಾಗ ಊರಮ್ಮನ ಕಣ್ಣಿಗೆ ಪೊರೆ ಬಂತು. ಬ್ರಶ್ಶಿನ ಹಾಗೆ ಬಳಸುತ್ತಿದ್ದ ಈಚಲಕಡ್ಡಿಯನ್ನು ಬಿಟ್ಟು ಬೆರಳಿನಿಂದಲೇ ಡಾಂಬರು ಎಳೆಯತೊಡಗಿದಳು. ಗೆರೆಗಳು ದಪ್ಪವಾಗಿ ಉಬ್ಬಿ ನಿಂತವು. ಈಗ ಏನು ಬರೆಯುತ್ತಿದ್ದೀ ಎಂದು ಯಾರಾದರೂ ಕೇಳಿದರೆ, ಒಣಗಿದ ಮೇಲೆ ಮುಟ್ಟಿ ನೋಡಿ ಅನ್ನುತ್ತಿದ್ದಳು. ಜನ ಮುಟ್ಟಿ ನೋಡುತ್ತಿದ್ದರು. ಹೊಳೆಯ ನೀರು, ಮರಳು, ಬಂಡೆ ಉಜ್ಜಿ ಉಜ್ಜಿ ಯಾವ ಹರಗೋಲಿನ ಚರ್ಮವೂ ಎರಡು ಮೂರು ವರ್ಷಕ್ಕಿಂತ ಹೆಚ್ಚು ಬಾಳುತ್ತಿರಲಿಲ್ಲ. ಅದರ ಜೊತೆಗೇ ಚಿತ್ರವೂ ಹೋಗುತ್ತಿತ್ತು. ಅದಕ್ಕಾಗಿ ಅವಳು ಕೊರಗಿದ್ದನ್ನು ಯಾರೂ ಕಂಡಿಲ್ಲ.

ಸಾವಿರದ ಒಂಬೈನೂರ ನಲವತ್ತೈದರ ಮಾಘ ಮಾಸದ ಒಂದು ಮಧ್ಯಾಹ್ನ, ಊಟ ಮಾಡುತ್ತ, ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು ಅದೇ ಓಣಿಯಲ್ಲಿದ್ದ ದೊಡ್ಡ ಮಗಳ ಜೊತೆ ವಾದ ಮಾಡುತ್ತಿದ್ದವಳು ಮಾತಿನ ನಡುವೆಯೇ ಗೋಡೆಗೆ ಒರಗಿ ಸುಮ್ಮನಾದಳು. ಅಂಗಳದಲ್ಲಿ ಅವಳು ಬೆಳಿಗ್ಗೆ ಬಳಿದಿಟ್ಟ ಎರಡು ಹರಗೋಲುಗಳು ಇನ್ನೂ ಹಸಿಯಾಗಿದ್ದವು. ಅವಳ ಮಣ್ಣು ಮುಗಿಸಿ ಬಂದ ಜಡೆಪ್ಪ ಅವುಗಳ ಹತ್ತಿರ ಮಕ್ಕಳು ಸುಳಿಯದಂತೆ ನೋಡಿಕೊಂಡ. ಡಾಂಬರು ಪೂರ್ತಿ ಒಣಗಲು ಇನ್ನೂ ಒಂದು ದಿನ ಬಿಟ್ಟ. ಮಾರನೆಯ ದಿನ ಸಂತೆಯಿತ್ತು, ದಂಡೆಯಲ್ಲಿ ಜನ ಕಾಯುತ್ತಿದ್ದರು. ಅವನು ಒಂದನ್ನು ಬೋರಲಾಗಿ ತಲೆಯ ಮೇಲೆ ಹೊತ್ತುಕೊಂಡು ಹೊಳೆಗೆ ನಡೆದ.